ಅಕ್ಷರದಲ್ಲಿ ಎಡವುವ ಬಾಲಕಿಯರು: ನಾನಾ ದೇಶಗಳ ಶಾಲೆಗಳು ಅವರಿಗೆ ಒದಗಿಸುವ ಅನುಕೂಲತೆಗಳು



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬಹುಮಾನ ಪಡೆದವರ, ಉನ್ನತ ಶ್ರೇಣಿಯಲ್ಲಿ ತೇರ್ಗಡೆ ಹೊಂದಿದವರ ಹೆಸರುಗಳನ್ನು ಅಚ್ಚು ಹಾಕಿಸುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಆ ಪಟ್ಟಿಗಳಲ್ಲಿ ಎಂದೂ ಹೆಸರು ಕಾಣಿಸದ ಕೆಲವು ಮಕ್ಕಳ ವಿಷಯವನ್ನು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇವೆ. ಪ್ರತಿಯೊಂದು ತರಗತಿಯಲ್ಲಿಯೂ ಇಂಥವರು ಒಬ್ಬಿಬ್ಬರಾದರೂ ಇರುವರು. ಅವರ ವಿಷಯವಾಗಿ ಉಪಾಧ್ಯಾಯಿನಿಯರು, "ಬಾಯಿ ಚುರುಕು, ಬರವಣಿಗೆ ಮಾತ್ರ ಮಂದ" ಎನ್ನುವರು. ತಾಯಂದಿರು, "ಮನೆಯಲ್ಲಿ ಕೇಳಿದರೆ ಎಲ್ಲವನ್ನೂ ಹೇಳುತ್ತಾಳಮ್ಮಾ, ಪರೀಕ್ಷೆಯಲ್ಲಿ ಏಕೆ ಬರೆಯುವುದಿಲ್ಲವೋ ಕಾಣೆ" ಎಂದು ನಿಟ್ಟುಸಿರು ಬಿಡುವರು. ಇವೆರಡೂ ಒಂದೇ ಸಂಗತಿಯನ್ನು ಎರಡು ಕಡೆಯಿಂದ ಕಂಡು ಆಡಿದ ಮಾತುಗಳು. ಆ ಸಂಗತಿಗೆ ಈಗಿನ ಶಾಸ್ತ್ರಜ್ಞರು ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಹೆಸರಿಟ್ಟಿದ್ದಾರೆ.

ಈ ಹೆಸರಿನ ಅರ್ಥವನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಮಗುವಿನ ಬುದ್ಧಿ ಸರಿಯಾಗಿಯೇ ಇರುವುದು. ಕಣ್ಣು ಕಿವಿಗಳೂ ನೆಟ್ಟಗಿರುವುವು. ಶಾಲೆಗೂ ತಪ್ಪದೆ ಬರುವಳು. ಹೀಗಿದ್ದೂ ಓದುವುದರಲ್ಲಿಯೋ, ಬರೆಯುವುದರಲ್ಲಿಯೋ, ಲೆಕ್ಕದಲ್ಲಿಯೋ ಮಾತ್ರ ಆಕೆಗೆ ಬಹಳ ತೊಡಕು. ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂದೂ, ಬರವಣಿಗೆಯದಕ್ಕೆ ಡಿಸ್‌ಗ್ರಾಫಿಯಾ ಎಂದೂ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎಂದೂ ಹೇಳುತ್ತಾರೆ. ಇದು ಹುಟ್ಟಿನಿಂದಲೇ ಬಂದದ್ದು, ಅನೇಕ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದು, ಹೊಡೆತದಿಂದ ಹೋಗುವಂಥದಲ್ಲ. 2007ರಲ್ಲಿ ತೆರೆಕಂಡ "ತಾರೇ ಜಮೀನ್ ಪರ್" ಎಂಬ ಹಿಂದಿ ಚಲನಚಿತ್ರವನ್ನು ನೋಡಿದ ತಾಯ್ತಂದೆಗಳಿಗೆ ಈ ಮಾತು ಹೊಸದಲ್ಲ. ಆದರೆ ಆ ಚಿತ್ರದ ಮಗು ಗಂಡು ಮಗು, ಮೇಲಾಗಿ ತುಂಟ. ಹೆಣ್ಣು ಮಕ್ಕಳ ಕಥೆ ಬಹುಮಟ್ಟಿಗೆ ಬೇರೆ. ಅದನ್ನು ಮುಂದೆ ಹೇಳುವೆವು.

ಈ ನ್ಯೂನತೆಯನ್ನು ವೈದ್ಯರು ಗುರುತಿಸಿ ನೂರು ವರ್ಷಕ್ಕೂ ಮೇಲಾಯಿತು. 1896ರ ನವೆಂಬರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಆಟದಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ, ಲೆಕ್ಕವನ್ನೂ ಚೆನ್ನಾಗಿ ಮಾಡುತ್ತಿದ್ದನು. ಆದರೆ ತನ್ನ ಹೆಸರಾದ "ಪರ್ಸಿ" ಎಂಬುದನ್ನು "ಪ್ರೆಸಿ" ಎಂದು ಬರೆದು, ತಪ್ಪನ್ನು ಎತ್ತಿ ತೋರಿಸುವವರೆಗೂ ಅರಿಯದೆ ಹೋದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಇವನೇ ಶಾಲೆಯಲ್ಲಿ ಅತ್ಯಂತ ಚುರುಕಾದ ಹುಡುಗನಾಗಿರುತ್ತಿದ್ದನೆಂದು ಅವನಿಗೆ ಕಲಿಸಿದ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರಂತೆ. ದಾವಣಗೆರೆಯ ತಾಯಿಯ ನಿಟ್ಟುಸಿರಿಗೂ ಈ ಮಾತಿಗೂ ಎಷ್ಟು ಹೋಲಿಕೆ!

ವೈದ್ಯರು ಕಂಡರು, ಶಾಲೆಗಳು ದಾರಿ ಹುಡುಕಬೇಕಾಯಿತು. ಹಾಗೆ ಹುಡುಕಿದವರಲ್ಲಿ ಡೆನ್ಮಾರ್ಕಿನ ಈಡಿತ್ ನೋರಿ ಎಂಬ ಮಹಿಳೆಯ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ಅವಶ್ಯವಾಗಿ ಅರಿತಿರಬೇಕು. ಆಕೆಗೇ ಈ ನ್ಯೂನತೆಯಿದ್ದಿತು. ವಯಸ್ಸಿಗೆ ಬಂದ ಮೇಲೆ, ನಿಶ್ಚಿತಾರ್ಥವಾಗಿದ್ದ ವರನು ಬರೆದ ಕಾಗದಗಳನ್ನು ಪರರ ಕೈಯಲ್ಲಿ ಓದಿಸಲೊಲ್ಲದೆ, ತಾನೇ ಒಂದು ಕ್ರಮವನ್ನು ಕಟ್ಟಿಕೊಂಡು ಓದಲು ಕಲಿತಳೆಂಬುದು ಆಕೆಯ ಚರಿತ್ರೆ. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಕೋಪನ್‌ಹೇಗನ್ ನಗರದಲ್ಲಿ ಇಂಥವರಿಗಾಗಿಯೇ ಒಂದು ಸಂಸ್ಥೆಯನ್ನು ತೆರೆದು, ಅಕ್ಷರಗಳ ಒಂದು ಪೆಟ್ಟಿಗೆಯನ್ನು ಬಳಕೆಗೆ ತಂದಳು. ಅದರಲ್ಲಿ ರಟ್ಟಿನ ಅಕ್ಷರಗಳನ್ನು ತುಟಿಯಿಂದ ಹುಟ್ಟುವುವು, ನಾಲಗೆಯಿಂದ ಹುಟ್ಟುವುವು, ಗಂಟಲಿನಿಂದ ಹುಟ್ಟುವುವು ಎಂದು ಬೇರೆ ಬೇರೆಯಾಗಿ ಜೋಡಿಸಿದ್ದಿತು. ಸ್ವರಗಳು ಕೆಂಪು ಬಣ್ಣದವು. ಉಚ್ಚರಿಸುವಾಗ ಬಾಯಿಯನ್ನು ನೋಡಿಕೊಳ್ಳಲು ಒಂದು ಸಣ್ಣ ಕನ್ನಡಿ. ಇದನ್ನು ಓದಿದಾಗ ನಮಗೆ ನಮ್ಮ ವರ್ಣಮಾಲೆಯೇ ನೆನಪಾಯಿತು. ಕವರ್ಗವು ಕಂಠದಲ್ಲಿ, ತವರ್ಗವು ದಂತದಲ್ಲಿ, ಪವರ್ಗವು ಓಷ್ಠದಲ್ಲಿ ಎಂದು ನಮ್ಮ ಹಿರಿಯರು ಎಂದೋ ಜೋಡಿಸಿಟ್ಟ ಪೆಟ್ಟಿಗೆಯು ನಮ್ಮ ಗೋಡೆಯ ಮೇಲೆಯೇ ತೂಗುತ್ತಿದೆ. ಆದರೆ ನಾವು ಅದನ್ನು ಹಾಡಿಸಿ ಬಾಯಿಪಾಠ ಮಾಡಿಸುವೆವೇ ಹೊರತು, ಕನ್ನಡಿ ಹಿಡಿದು ತೋರಿಸುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಆದುದರಿಂದ ಅಲ್ಲಿ ಮಕ್ಕಳು ಎಡವುವರು. ನುಡಿದಂತೆಯೇ ಬರೆಯುವ ಕನ್ನಡದಲ್ಲಿ ಈ ತೊಂದರೆ ಉಂಟೇ? ಉಂಟು. ಮೈಸೂರಿನ ಎಸ್. ರಮಾ ಎಂಬ ವಿದುಷಿಯು ಟಿ. ಆರ್. ಮೈಲ್ಸ್ ಮತ್ತು ಎಂ. ಎಸ್. ಲಲಿತಮ್ಮ ಇವರೊಡನೆ ಕನ್ನಡ ಓದುವ ಮಕ್ಕಳಲ್ಲಿನ ಡಿಸ್ಲೆಕ್ಸಿಯಾ ಕುರಿತು 1993ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದ್ದಾರೆ. ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಕನ್ನಡದ ಅಕ್ಷರಗಳೆಲ್ಲವನ್ನೂ ವಶಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೇ ಮೊದಲೆರಡು ತರಗತಿಗಳು ಸಾಲವೆಂದೂ, ನಾಲ್ಕನೆಯ ತರಗತಿಯಲ್ಲಿಯೂ ಆ ಕಲಿಕೆ ನಡೆದೇ ಇರುವುದೆಂದೂ ತಿಳಿದುಬರುತ್ತದೆ. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷಿನ ಮಗುವಿಗೆ ಇಪ್ಪತ್ತಾರು ಅಕ್ಷರಗಳಾದರೆ ನಮ್ಮ ಮಗುವಿಗೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳು. "ಅಕ್ಕಿ" ಎಂಬಲ್ಲಿ ಇಕಾರವು ಕೊನೆಗೆ ಕೇಳಿಸುವುದು. ಅದರ ಗುರುತಾದರೋ ಮೇಲಿನ ಕಕಾರಕ್ಕೆ ಮೊದಲೇ ಅಂಟಿರುವುದು. "ಸೂರ್ಯ" ಎಂದು ಅರ್ಕಾವೊತ್ತಿನಲ್ಲಿ ಬರೆದಾಗ ಮೊದಲು ಕೇಳಿಸುವ ರಕಾರವು ಕಣ್ಣಿಗೆ ಕೊನೆಯಲ್ಲಿ ಬೀಳುವುದು. ದ, ಧ, ಥಗಳ ಭೇದವನ್ನು ಒಂದು ಸಣ್ಣ ಗೀರಿನಿಂದಲೂ ಒಂದು ಚುಕ್ಕೆಯಿಂದಲೂ ಅರಿಯಬೇಕು. ಇವು ಬಲ್ಲವರಿಗೆ ಲೆಕ್ಕಕ್ಕೆ ಬಾರದ ಸಂಗತಿಗಳು. ತೊಡಕಿರುವ ಮಗುವಿಗೆ ಹೆಜ್ಜೆಹೆಜ್ಜೆಗೂ ಕಲ್ಲು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಂಶವಿದೆ. ಇಟಾಲಿಯನ್, ಜರ್ಮನ್, ಫಿನ್ನಿಶ್ ಮೊದಲಾದ, ನುಡಿದಂತೆ ಬರೆಯುವ ಭಾಷೆಗಳಲ್ಲಿ ಈ ನ್ಯೂನತೆಯುಳ್ಳ ಮಗು ಅಷ್ಟಾಗಿ ತಪ್ಪು ಓದುವುದಿಲ್ಲ, ನಿಧಾನವಾಗಿ ಓದುತ್ತದೆ. ಕನ್ನಡದಲ್ಲಿಯೂ ನಾವು ತರಗತಿಗಳಲ್ಲಿ ಕಾಣುವುದು ಅದನ್ನೇ. ಒಂದೊಂದಕ್ಷರವನ್ನೂ ಕೂಡಿಸಿ ಕೂಡಿಸಿ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುವುದು. ಇಂಥ ಬಾಲಕಿ ಉಪಾಯಗಾರ್ತಿಯೂ ಆಗಿರುವಳು. ಪಕ್ಕದವಳು ಓದುವುದನ್ನು ಕೇಳಿ ಪಾಠವನ್ನೆಲ್ಲ ಕಿವಿಯಿಂದಲೇ ಕಲಿತು, ತನ್ನ ಸರದಿ ಬಂದಾಗ ಪುಸ್ತಕ ಹಿಡಿದು ನಿರರ್ಗಳವಾಗಿ ಒಪ್ಪಿಸಿಬಿಡುವಳು. ಸಮೀಪ ಹೋಗಿ ನೋಡಿದರೆ ತೆರೆದಿರುವ ಪುಟವೇ ಬೇರೆ! ಐದನೆಯ ಆರನೆಯ ತರಗತಿಯಲ್ಲಿ ಪಾಠಗಳು ಉದ್ದವಾಗಿ, ಇಂಗ್ಲಿಷೂ ಭಾರವಾದಾಗ ಈ ಉಪಾಯ ಸಾಗುವುದಿಲ್ಲ. ಆಗ ಮನೆಯಲ್ಲಿ ಸೋಮಾರಿತನವೆಂಬ ಬೈಗುಳು ಆರಂಭವಾಗುತ್ತದೆ.

ಹೆಣ್ಣು ಮಕ್ಕಳ ಕಥೆ ಬೇರೆಯೆಂದೆವಷ್ಟೆ. 1990ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಶೇವಿಟ್ಸ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ನಡೆಸಿದ ಪರಿಶೀಲನೆಯೊಂದು ಪ್ರಸಿದ್ಧವಾಗಿದೆ. ಶಾಲೆಗಳು ತಾವಾಗಿ ಗುರುತಿಸಿ ಕಳುಹಿಸಿದವರಲ್ಲಿ ಹುಡುಗರ ಸಂಖ್ಯೆಯೇ ಬಹಳ ಹೆಚ್ಚಾಗಿತ್ತು. ಆದರೆ ಸಂಶೋಧಕರು ಎಲ್ಲ ಮಕ್ಕಳನ್ನೂ ತಾವೇ ಪರೀಕ್ಷಿಸಲಾಗಿ, ಓದಿನ ನ್ಯೂನತೆಯು ಹುಡುಗಿಯರಲ್ಲಿಯೂ ಸರಿಸುಮಾರು ಅಷ್ಟೇ ಕಂಡುಬಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ಗಲಾಟೆ ಮಾಡುವವನು ಗುರುಗಳ ಕಣ್ಣಿಗೆ ಬೀಳುವನು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವಳು ಬೀಳುವುದಿಲ್ಲ. ಅಮೆರಿಕದಲ್ಲಿ ಹೀಗಾದರೆ, ಸುಮ್ಮನಿರುವುದನ್ನೇ ಹೆಣ್ಣು ಮಗುವಿನ ಸದ್ಗುಣವೆಂದು ಹೊಗಳುವ ನಮ್ಮಲ್ಲಿ ಹೇಳತಕ್ಕದ್ದೇನು? ಗಂಡು ಮಗ ನಪಾಸಾದರೆ ಮನೆಪಾಠಕ್ಕೆ ಗುರುಗಳನ್ನು ಹುಡುಕುವ ಮನೆಗಳಲ್ಲಿಯೇ, ಮಗಳು ನಪಾಸಾದರೆ "ಅವಳಿಗೆ ವಿದ್ಯೆ ಹತ್ತಲಿಲ್ಲ, ಹೊಲಿಗೆಯನ್ನಾದರೂ ಕಲಿಯಲಿ" ಎಂದು ಶಾಲೆ ಬಿಡಿಸಿ, ಒಂದೆರಡು ವರ್ಷದಲ್ಲಿ ಮದುವೆಯ ಮಾತನ್ನು ತೆಗೆಯುವರು. ಹೊಲಿಗೆಯನ್ನು ನಾವು ಹಳಿಯುವವರಲ್ಲ. ಆದರೆ ಒಂದು ಗಂಟೆ ಹೆಚ್ಚು ಕಾಲವನ್ನು ಕೊಟ್ಟಿದ್ದರೆ ತೇರ್ಗಡೆ ಹೊಂದಬಹುದಾಗಿದ್ದ ಮಗಳ ಜೀವಿತವು ಹೀಗೆ ತಿರುಗಿಹೋಗುವುದು ಸಣ್ಣ ಮಾತಲ್ಲ.

ಆ ಒಂದು ಗಂಟೆಯ ಮಾತಿಗೆ ಬರೋಣ. ಅನ್ಯ ದೇಶಗಳ ಶಾಲೆಗಳು ಇಂಥ ಮಕ್ಕಳಿಗೆ ಏನು ಮಾಡುತ್ತವೆ? ಅಮೆರಿಕದಲ್ಲಿ 1975ರ ನವೆಂಬರಿನಲ್ಲಿ ಅಂಗೀಕೃತವಾದ ಶಾಸನವು, ನ್ಯೂನತೆಯುಳ್ಳ ಪ್ರತಿಯೊಂದು ಮಗುವಿಗೂ ಬೇರೆಬೇರೆಯಾಗಿ ಒಂದು ಶಿಕ್ಷಣ ಯೋಜನೆಯನ್ನು ಬರೆದಿಡಬೇಕೆಂದೂ, ಅದನ್ನು ಬರೆಯುವ ಸಭೆಗೆ ತಾಯ್ತಂದೆಗಳನ್ನು ಕರೆಯಬೇಕೆಂದೂ ವಿಧಿಸಿತು. ಇಟಲಿಯು 2010ರಲ್ಲಿ 170ನೆಯ ಸಂಖ್ಯೆಯ ಕಾನೂನನ್ನು ಮಾಡಿ, ಗಣಕಯಂತ್ರ, ಕ್ಯಾಲ್ಕುಲೇಟರು ಮುಂತಾದ ಸಾಧನಗಳನ್ನು ಬಳಸಲು ಆಸ್ಪದವಿತ್ತಿತು; ಅಲ್ಲಿ ಇಂಥ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದರಿಂದಲೂ ವಿನಾಯಿತಿ ಕೊಡುವುದುಂಟು. ಈ ಒಂದು ವಿನಾಯಿತಿಗೆ ಕಾಸಿನ ಖರ್ಚೂ ಇಲ್ಲ, ಯಾರ ಅಪ್ಪಣೆಯೂ ಬೇಡ. ನಾಳೆಯಿಂದಲೇ ನಮ್ಮ ಶಾಲೆಗಳಲ್ಲಿ ಆಚರಿಸಬಹುದು. ಫಿನ್ಲೆಂಡಿನವರ ಪದ್ಧತಿ ನಮಗೆ ಎಲ್ಲಕ್ಕಿಂತ ಹಿಡಿಸಿತು. ಅಲ್ಲಿ ವಿಶೇಷ ಶಿಕ್ಷಣ ಬಲ್ಲ ಉಪಾಧ್ಯಾಯರು ಶಾಲೆಯಲ್ಲಿಯೇ ಇದ್ದು, ವೈದ್ಯರ ಪ್ರಮಾಣಪತ್ರಕ್ಕೆ ಕಾಯದೆ, ಮಗು ಹಿಂದೆ ಬಿದ್ದುದು ಕಂಡ ಕೂಡಲೇ ವಾರಕ್ಕೆ ಕೆಲವು ಗಂಟೆ ಪಾಠ ಹೇಳುವರು.

ಜಪಾನಿನ ಒಬ್ಬ ಬಾಲಕನ ವೃತ್ತಾಂತವನ್ನು ಬೇರೊಂದು ಕಾರಣಕ್ಕಾಗಿ ಹೇಳುತ್ತೇವೆ. ಇಂಗ್ಲಿಷ್ ಆಡುವ ತಾಯ್ತಂದೆಗಳಿಗೆ ಜಪಾನಿನಲ್ಲಿ ಹುಟ್ಟಿ ಬೆಳೆದ ಅವನು ಜಪಾನಿ ಭಾಷೆಯನ್ನು ಸರಾಗವಾಗಿ ಓದುತ್ತಿದ್ದನು. ಇಂಗ್ಲಿಷನ್ನು ಮಾತ್ರ ಓದಲಾರನು. ವೈಡೆಲ್ ಮತ್ತು ಬಟರ್‌ವರ್ತ್ ಎಂಬ ವಿದ್ವಾಂಸರು 1999ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ಮಗುವಿನ ತೊಡಕು ಒಂದು ಲಿಪಿಯಲ್ಲಿ ಅಡಗಿದ್ದು ಇನ್ನೊಂದರಲ್ಲಿ ಹೊರಬೀಳಬಹುದು. "ಕನ್ನಡ ಓದುತ್ತಾಳೆ, ಇಂಗ್ಲಿಷಿನಲ್ಲಿ ಮಾತ್ರ ಕಳ್ಳತನ ಮಾಡುತ್ತಾಳೆ" ಎನ್ನುವ ತಂದೆಗಳು ಈ ಬಾಲಕನನ್ನು ನೆನೆಯಬೇಕು. ದಾವಣಗೆರೆ ಹರಿಹರಗಳಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳೂ ಬಹು ಮಂದಿ. ಅವರಲ್ಲಿ ಹೊಸ ಭಾಷೆಯ ಅಪರಿಚಯವನ್ನೇ ನ್ಯೂನತೆಯೆಂದು ಭ್ರಮಿಸುವುದೂ ತಪ್ಪು. ನ್ಯೂನತೆಯನ್ನು ಅಪರಿಚಯವೆಂದು ತಳ್ಳಿಹಾಕುವುದೂ ತಪ್ಪು. ಬಲ್ಲವರು ಪರೀಕ್ಷಿಸಿಯೇ ನಿಶ್ಚಯಿಸಬೇಕು.

ಇನ್ನು ಕಾಲದ ಲೆಕ್ಕ. ಮೂರು ಗಂಟೆಯ ಪ್ರಶ್ನಪತ್ರಿಕೆಗೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕೊಡುವ ಹೆಚ್ಚಿನ ಕಾಲ ಶೇಕಡಾ 25, ಅಂದರೆ 45 ನಿಮಿಷ. ಅಮೆರಿಕದಲ್ಲಿ ಅರ್ಧದಷ್ಟು ಹೆಚ್ಚಿಗೆ ಕೊಡುವ ರೂಢಿ ಬಹಳವಾಗಿದೆ. ನಮ್ಮ ಭಾರತ ಸರಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಾಗಬಾರದು. ಎಂದರೆ ಮೂರು ಗಂಟೆಗೆ ಒಂದು ಗಂಟೆ. ಕಾಗದದ ಮೇಲೆ ನಾವು ಇಂಗ್ಲೆಂಡಿಗಿಂತ ಉದಾರಿಗಳೇ! ಇದು ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ ಎಂದು ಕೇಳುವವರುಂಟು. ಬಲಗೈ ಮುರಿದ ಹುಡುಗಿ ಲಿಪಿಕಾರ್ತಿಯೊಡನೆ ಪರೀಕ್ಷೆಗೆ ಕುಳಿತರೆ ಯಾರೂ ಗೊಣಗುವುದಿಲ್ಲ. ಆಕೆಯ ಚರಿತ್ರೆಯ ಜ್ಞಾನವನ್ನು ಅಳೆಯುತ್ತಿದ್ದೇವೆ, ಕೈಯ ಬಲವನ್ನಲ್ಲ ಎಂದು ಎಲ್ಲರೂ ಬಲ್ಲರು. ಇಂಗ್ಲೆಂಡಿನ ನಿಯಮವು ಈ ವಿವೇಕವನ್ನು ಚೆನ್ನಾಗಿ ಕಾಯ್ದುಕೊಂಡಿದೆ. ಮಗುವಿಗೆ ಪ್ರಶ್ನೆಗಳನ್ನು ಓದಿ ಹೇಳಲು ಒಬ್ಬರನ್ನು ನೇಮಿಸುವರು. ಆದರೆ ಓದುವ ಶಕ್ತಿಯನ್ನೇ ಪರೀಕ್ಷಿಸುವ ಭಾಗದಲ್ಲಿ ಅವರು ಬಾಯಿ ತೆರೆಯುವಂತಿಲ್ಲ.

ನಮ್ಮ ದೇಶದ 1995ರ ಅಂಗವಿಕಲರ ಶಾಸನದಲ್ಲಿ ಏಳು ಬಗೆಯ ನ್ಯೂನತೆಗಳನ್ನು ಹೇಳಿದ್ದಿತು. ಕಲಿಕಾ ನ್ಯೂನತೆಯು ಅವುಗಳಲ್ಲಿ ಇರಲಿಲ್ಲ. 2016ರ ಶಾಸನವು ಇಪ್ಪತ್ತೊಂದನ್ನು ಹೇಳಿ, ಇದನ್ನೂ ಅವುಗಳಲ್ಲಿ ಸೇರಿಸಿತು. ಅದು 2017ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದರ 16ನೆಯ ಕಲಮಿನ ಪ್ರಕಾರ, ಸರಕಾರದ ಹಣ ಪಡೆಯುವ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಈ ನ್ಯೂನತೆಯನ್ನು ಆದಷ್ಟು ಬೇಗನೆ ಕಂಡುಹಿಡಿಯತಕ್ಕದ್ದು. ಖಾಸಗಿ ಶಾಲೆಯಾಗಲಿ ಮಿಶನ್ ಶಾಲೆಯಾಗಲಿ ಇದರಿಂದ ಹೊರತಾಗುವುದಿಲ್ಲ. 17ನೆಯ ಕಲಮಿನಲ್ಲಿ ಹೆಚ್ಚಿನ ಕಾಲ, ಲಿಪಿಕಾರರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರು ಹಿಡಿದು ಹೇಳಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರವೆಂದೂ, ವಿಜ್ಞಾನದ ದಿನವೇ ರಾಜ್ಯಶಾಸ್ತ್ರ, ಸಂಗೀತವೆಂದೂ ಅಚ್ಚಾಗಿರುವುದನ್ನು ಕಂಡು ಇದೇನೆಂದು ಬೆರಗಾದ ತಾಯ್ತಂದೆಗಳು ಇರಬಹುದು; ಅವು ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇಟ್ಟ ಬದಲಿ ವಿಷಯಗಳು.

ಭಾಷೆಗಳ ವಿನಾಯಿತಿಯ ವಿಷಯದಲ್ಲಿ ನಮ್ಮದೊಂದು ಎಚ್ಚರಿಕೆಯ ಮಾತಿದೆ. ಇದು ಕೈಗೆ ಸಿಕ್ಕಿತೆಂದು ಆತುರಪಟ್ಟು ತೆಗೆದುಕೊಳ್ಳತಕ್ಕದ್ದಲ್ಲ. ಮುಂದೆ ಆಕೆ ಯಾವ ಭಾಷೆಯಲ್ಲಿ ಓದುವಳು, ಯಾವ ಭಾಷೆಯಲ್ಲಿ ಜೀವನ ಮಾಡುವಳು ಎಂಬುದನ್ನು ಆಲೋಚಿಸಿ, ಆಕೆಯನ್ನೂ ಕೇಳಿ, ಯಾವುದನ್ನು ಉಳಿಸಿಕೊಳ್ಳಬೇಕೆಂದು ನಿಶ್ಚಯಿಸಬೇಕು. ಇಂಗ್ಲಿಷಿನ ಗೌರವಕ್ಕೆ ಸೋತು ಮನೆಮಾತನ್ನು ಬಿಡಿಸುವುದನ್ನು ನಾವು ಒಪ್ಪಲಾರೆವು.

ಶಾಸನವಿದ್ದ ಮಾತ್ರಕ್ಕೆ ಪರೀಕ್ಷಾ ಮಂದಿರದಲ್ಲಿ ಅದು ನಡೆಯುವುದೆಂದು ನಂಬುವಂತಿಲ್ಲ. 2021ರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ಒಬ್ಬ ವಿದ್ಯಾರ್ಥಿನಿಗೆ ಸಲ್ಲಬೇಕಾಗಿದ್ದ ಒಂದು ಗಂಟೆಯನ್ನು ಕೊಡದೆ, ಇತರರೊಡನೆಯೇ ಆಕೆಯ ಉತ್ತರ ಪತ್ರಿಕೆಯನ್ನು ಕಿತ್ತುಕೊಂಡರು. ಆಕೆ ಸುಪ್ರೀಂ ಕೋರ್ಟಿನವರೆಗೂ ಹೋದಳು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯವು ಆಕೆಗೆ ಅನ್ಯಾಯವಾಯಿತೆಂದು ತೀರ್ಪಿತ್ತು, ಪರಿಹಾರವನ್ನು ಯೋಚಿಸಬೇಕೆಂದು ಪರೀಕ್ಷಾ ಮಂಡಲಿಗೆ ಆಜ್ಞಾಪಿಸಿತು. ಆದರೆ ಪರೀಕ್ಷೆಯನ್ನು ಮತ್ತೆ ನಡೆಸುವಂತೆ ಹೇಳಲಿಲ್ಲ. ಕಳೆದ ಗಂಟೆಯನ್ನು ಯಾವ ನ್ಯಾಯಾಲಯವೂ ತಿರುಗಿ ಕೊಡಲಾರದು. ಆದುದರಿಂದ ಕಾಗದಪತ್ರಗಳನ್ನು ಮೊದಲೇ ಸಿದ್ಧಮಾಡಿಕೊಳ್ಳುವುದೇ ಕ್ಷೇಮ.

ನಮ್ಮ ಊರಿನವರು ಹೋಗತಕ್ಕದ್ದು ಎಲ್ಲಿಗೆ? ಬಹುಕಾಲ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಸ್ಥಾಪಿತವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೇ ದಿಕ್ಕಾಗಿದ್ದವು. ಹರಿಹರದ ಕೂಲಿಕಾರ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ, ಇಬ್ಬರ ರೈಲು ಖರ್ಚು. ಅದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಈಗ ದಾವಣಗೆರೆಯಲ್ಲಿಯೇ ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಸಿ.ಆರ್.ಸಿ. ಎಂದರೆ ಜನ ಬಲ್ಲರು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದರ ಆಡಳಿತಕ್ಕೆ ಸೇರಿದ ಈ ಕೇಂದ್ರದಲ್ಲಿ ಮಕ್ಕಳ ಪರೀಕ್ಷೆ, ವಿಶೇಷ ಶಿಕ್ಷಣ, ವಾಕ್ ಚಿಕಿತ್ಸೆಗಳ ಏರ್ಪಾಡುಂಟು. ಪ್ರಮಾಣಪತ್ರವು ಸರಕಾರ ಗೊತ್ತುಮಾಡಿದ ವೈದ್ಯಾಧಿಕಾರಿಗಳಿಂದಲೇ ಬರಬೇಕಾದುದರಿಂದ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬೇಕು. ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ವಿಶೇಷ ಸಂಪನ್ಮೂಲ ಶಿಕ್ಷಕರನ್ನೂ ಕಂಡರೆ ದಾರಿ ಸುಲಭವಾಗುವುದು. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯು ಮೊದಲು ಕಣ್ಣು ಕಿವಿಗಳ ಪರೀಕ್ಷೆ, ಆಮೇಲೆ ಬುದ್ಧಿಶಕ್ತಿಯ ಪರೀಕ್ಷೆ, ಕೊನೆಗೆ ನಿಮ್ಹಾನ್ಸಿನವರು ರಚಿಸಿದ ಪರೀಕ್ಷಾಮಾಲೆ ಎಂದು ಕ್ರಮವನ್ನು ಹೇಳಿ, 8, 14, 18ನೆಯ ವಯಸ್ಸುಗಳಲ್ಲಿ ಪ್ರಮಾಣಪತ್ರ ಕೊಡುವಂತೆ ವಿಧಿಸಿತ್ತು. ಅದು 2024ರಲ್ಲಿ ಪರಿಷ್ಕೃತವಾಗಿರುವುದರಿಂದ ಹೊಸ ನಿಯಮವನ್ನೇ ಕೇಳಿ ತಿಳಿಯಬೇಕು. ಶೇಕಡಾ 40ಕ್ಕೆ ಕಡಿಮೆ ಎಂದು ಬರೆದುಕೊಟ್ಟರೆ ಎದೆಗುಂದಬೇಕಾಗಿಲ್ಲ. ಬರೆಯುವುದಕ್ಕೆ ತೊಡಕಿರುವವರಿಗೆ ಆಗಲೂ ಲಿಪಿಕಾರರನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ತೀರ್ಮಾನಿಸಿ, ಅದರ ಮೇರೆಗೆ 2022ರ ಆಗಸ್ಟಿನಲ್ಲಿ ಬೇರೆ ಮಾರ್ಗಸೂಚಿ ಹೊರಟಿತು.

ಪ್ರಮಾಣಪತ್ರದಲ್ಲಿ ವಿಕಲತೆ ಎಂಬ ಶಬ್ದವಿರುವುದನ್ನು ಕಂಡು, "ನಾಳೆ ವರನ ಕಡೆಯವರು ಕೇಳಿದರೆ ಏನು ಹೇಳೋಣ?" ಎಂದು ಹಿಂಜರಿಯುವ ತಾಯಂದಿರನ್ನು ನಾವು ಬಲ್ಲೆವು. ಆ ಭಯವನ್ನು ನಗುವುದು ಸಲ್ಲದು. ನಮ್ಮ ಸಮಾಜ ಹಾಗಿದೆ. ಆದರೆ ಪತ್ರವನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದು ಮನೆಯವರ ಕೈಯಲ್ಲಿದೆ, ಎಸ್.ಎಸ್.ಎಲ್.ಸಿ. ನಪಾಸಾದ ಸುದ್ದಿಯಾದರೋ ಯಾರ ಕೈಯಲ್ಲಿಯೂ ನಿಲ್ಲುವುದಿಲ್ಲ.

ಪರೀಕ್ಷಿಸುವವರ ಬಳಿಗೆ ಹೋಗುವಾಗ ಮಗಳ ಹಳೆಯ ನೋಟುಬುಕ್ಕುಗಳನ್ನು ಎಸೆಯದೆ ಕಟ್ಟಿಕೊಂಡು ಹೋಗಿರಿ. ತಿದ್ದಿಸಿದ ಚೊಕ್ಕ ಪ್ರತಿಗಿಂತ ತಪ್ಪುಗಳಿರುವ ಮೂಲ ಪ್ರತಿಯೇ ಅವರಿಗೆ ಬೇಕಾದುದು. ಎಂಟು ಒಂಬತ್ತರ ವಯಸ್ಸಿನಲ್ಲಿಯೇ ಹೋಗುವುದು ಉತ್ತಮ. ಹತ್ತನೆಯ ತರಗತಿಯವರೆಗೆ ತಡವಾಗಿದ್ದರೆ ಶಾಲೆ ತೆರೆದ ತಿಂಗಳಲ್ಲಿಯೇ ಮುಖ್ಯೋಪಾಧ್ಯಾಯಿನಿಯರನ್ನು ಕಂಡು, ಪರೀಕ್ಷೆಯ ಅರ್ಜಿಯೊಂದಿಗೆ ಅನುಕೂಲತೆಯ ಅರ್ಜಿಯೂ ಹೋಗುವಂತೆ ನೋಡಿಕೊಳ್ಳಬೇಕು. ಲಿಪಿಕಾರ್ತಿಯನ್ನು ನಾವೇ ಕರೆತರುವುದಾದರೆ ಆಕೆ ಒಂದು ಮೆಟ್ಟಿಲು ಕೆಳಗಿನ ತರಗತಿಯವಳಾಗಿರಬೇಕು. ಒಂಬತ್ತನೆಯ ತರಗತಿಯಲ್ಲಿ ಅಂದವಾಗಿ ಬರೆಯುವ, ತಾಳ್ಮೆಯುಳ್ಳ ಹುಡುಗಿಯೊಬ್ಬಳನ್ನು ದಸರೆಯೊಳಗೆ ಗೊತ್ತುಮಾಡಿಕೊಂಡು, ಶನಿವಾರಗಳಲ್ಲಿ ಇಬ್ಬರನ್ನೂ ಜೊತೆಗೆ ಕೂರಿಸಿ ಅಭ್ಯಾಸ ಮಾಡಿಸತಕ್ಕದ್ದು. ಹೇಳಿ ಬರೆಯಿಸುವುದೂ ಒಂದು ವಿದ್ಯೆಯೇ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹೊಸ ಸಾಲು ಹಿಡಿಯಬೇಕು, ಲೆಕ್ಕದಲ್ಲಿ ಯಾವ ಅಂಕೆಯ ಕೆಳಗೆ ಯಾವ ಅಂಕೆ ಬರಬೇಕು ಎಂಬುದನ್ನೆಲ್ಲ ಬಾಯಿಂದಲೇ ಹೇಳಬೇಕಾಗುವುದು. ನಾಲ್ಕಾರು ಶನಿವಾರಗಳಾದರೂ ಹಿಡಿಯುವುವು.